ಗೊರಸು ಸಮವಿದ್ದರೆ ನಡಿಗೆ ಸಮ

(ಸಂಘದ ಸಭೆಯಲ್ಲಿ ಓದಿ ಚರ್ಚಿಸಲು ಪಾಠ)



ಈ ಪಾಠ ಓದುವ ಮುಂಚೆ ಒಂದು ಕೆಲಸ ಮಾಡಿ. ಬಾಗಿಲ ಹತ್ತಿರ ಬಿಟ್ಟಿರುವ ನಿಮ್ಮ ಚಪ್ಪಲಿಗಳನ್ನು ಮಗುಚಿ ಹಾಕಿ ನೋಡಿ. ಒಬ್ಬೊಬ್ಬರದು ಒಂದೊಂದು ಕಡೆ ಸವೆದಿರುತ್ತದೆ. ಕೆಲವರದು ಹಿಮ್ಮಡಿಯ ಹೊರಗಡೆ, ಕೆಲವರದು ಹೆಬ್ಬೆರಳ ಹತ್ತಿರ. ಒಂದೇ ಕಡೆ ಸವೆದ ಚಪ್ಪಲಿ ಹಾಕಿಕೊಂಡು ಶಿರಾ ಗೇಟ್‌ನಿಂದ ಬಸ್ ಸ್ಟ್ಯಾಂಡಿನ ತನಕ ನಡೆದರೆ ಏನಾಗುತ್ತೆ ಅಂತ ನಿಮಗೇ ಗೊತ್ತು. ಮೊದಲು ಪಾದ ನೋಯುತ್ತದೆ, ಆಮೇಲೆ ಮಂಡಿ, ರಾತ್ರಿ ಹೊತ್ತಿಗೆ ಸೊಂಟ. ನೋವು ಸೊಂಟದಲ್ಲಿದ್ದರೂ ಕಾರಣ ಇರುವುದು ಚಪ್ಪಲಿಯಲ್ಲಿ.

ನಾವಾದರೆ ಬೇರೆ ಚಪ್ಪಲಿ ಕೊಳ್ಳುತ್ತೇವೆ. ಕುದುರೆ, ಎತ್ತು, ಹಸುವಿನ ಚಪ್ಪಲಿ ಅವುಗಳ ಕಾಲಿನಲ್ಲೇ ಬೆಳೆಯುತ್ತದೆ. ಅದನ್ನು ಕಳಚಿ ಬೇರೆ ಹಾಕಲು ಆಗುವುದಿಲ್ಲ, ಆದರೆ ಸರಿಪಡಿಸಬಹುದು. ಅದೇ ಗೊರಸು. ಕೆಲವರು ಕೊಳಗು ಅಂತಲೂ ಅನ್ನುತ್ತಾರೆ.

ನಮ್ಮ ಸಂಘಗಳಲ್ಲಿ ಹಸು ಕೊಳ್ಳಲು ಸಾಲ ಪಡೆದವರು ಬಹಳ ಜನ ಇದ್ದೀರಿ. ಹಸು ಕೊಳ್ಳುವಾಗ ಕೆಚ್ಚಲು ನೋಡುತ್ತೇವೆ, ಹಲ್ಲು ನೋಡುತ್ತೇವೆ, ಎಷ್ಟನೇ ಸೂಲು ಅಂತ ಕೇಳುತ್ತೇವೆ. ಸುಳಿ ನೋಡುವವರೂ ಉಂಟು. (ಸುಳಿಯಿಂದ ಹಾಲು ಹೆಚ್ಚಿದ್ದನ್ನು ನಾವಂತೂ ಕಂಡಿಲ್ಲ.) ಆದರೆ ಕಾಲಿನ ಕೆಳಗೆ ಬಗ್ಗಿ ನೋಡುವವರು ಕಡಿಮೆ. ಈ ಸಲ ಅದನ್ನೇ ನೋಡೋಣ.

ಕುದುರೆಯವರಿಂದ ಕಲಿಯುವುದು

ಗೊರಸಿನ ವಿಚಾರದಲ್ಲಿ ಹೆಚ್ಚು ತಲೆ ಕೆಡಿಸಿಕೊಂಡವರು ಕುದುರೆ ಸಾಕುವವರು. ಅದಕ್ಕೆ ನಾವು ಬಹಳ ದೂರ ಹೋಗಬೇಕಾಗಿಲ್ಲ. ನಮ್ಮ ಜಿಲ್ಲೆಯ ಕುಣಿಗಲ್ ಕುದುರೆ ಫಾರಂ ಹೆಸರು ಎಲ್ಲರಿಗೂ ಗೊತ್ತು. ಹೈದರಾಲಿ, ಟಿಪ್ಪು ಕಾಲದಲ್ಲಿ ಸೈನ್ಯಕ್ಕೆ ಕುದುರೆ ಬೆಳೆಸಿದ ಜಾಗ ಅದು. ಮುಂದೆ ಅಲ್ಲಿ ರೇಸ್ ಕುದುರೆಗಳನ್ನು ಬೆಳೆಸಿದರು. 1992ರಲ್ಲಿ ಸರ್ಕಾರ ಅದನ್ನು ಖಾಸಗಿಯವರಿಗೆ ಗುತ್ತಿಗೆ ಕೊಟ್ಟ ಮೇಲೂ ಅದೇ ಕೆಲಸ ನಡೆಯಿತು. ಅಂಥ ಕುದುರೆಗೆ ಲಕ್ಷಾಂತರ ರೂಪಾಯಿ ಬೆಲೆ. ಆ ಬೆಲೆಯೆಲ್ಲ ನಿಂತಿರುವುದು ಅಂಗೈಯಗಲದ ನಾಲ್ಕು ಗೊರಸಿನ ಮೇಲೆ.

ಕುದುರೆಯ ಕಾಲಿನ ತುದಿಯಲ್ಲಿ ಇರುವುದು ಒಂದೇ ಬೆರಳು. ನಮ್ಮ ಕೈಯ ನಡುಬೆರಳನ್ನು ನೆಲಕ್ಕೆ ಊರಿ, ಅದರ ಉಗುರಿನ ಮೇಲೆ ಇಡೀ ಮೈಭಾರ ಹಾಕಿದಂತೆ ಅದರ ನಡಿಗೆ. ನಾನೂರೈವತ್ತು, ಐನೂರು ಕೆ.ಜಿ. ತೂಗುವ ಪ್ರಾಣಿ ನಾಗಾಲೋಟದಲ್ಲಿ ಓಡುವಾಗ ಒಂದೊಂದು ಕ್ಷಣ ಒಂದೇ ಕಾಲು ನೆಲದ ಮೇಲಿರುತ್ತದೆ. ಆ ಕ್ಷಣದಲ್ಲಿ ಆ ಒಂದು ಗೊರಸಿನ ಮೇಲೆ ಬೀಳುವ ಒತ್ತಡ ಕುದುರೆಯ ತೂಕದ ಎರಡು ಪಟ್ಟಿಗಿಂತಲೂ ಹೆಚ್ಚು.

ಗೊರಸು ಸತ್ತ ವಸ್ತುವಲ್ಲ. ಹೊರಗೆ ಕಾಣುವ ಗಟ್ಟಿ ಗೋಡೆ ನಮ್ಮ ಉಗುರಿನಂತೆ, ಕತ್ತರಿಸಿದರೆ ನೋಯುವುದಿಲ್ಲ. ಅದರ ಒಳಗೆ ರಕ್ತ ಹರಿಯುವ ಜೀವಂತ ಪದರ ಇದೆ, ಅದಕ್ಕೆ ಅಂಟಿಕೊಂಡು ಮೂಳೆ ಇದೆ. ಗೋಡೆ ಮೇಲಿನಿಂದ, ಅಂದರೆ ಕೂದಲು ಮುಗಿಯುವ ಅಂಚಿನಿಂದ, ಕೆಳಕ್ಕೆ ಬೆಳೆಯುತ್ತದೆ. ತಿಂಗಳಿಗೆ ಸುಮಾರು 8ರಿಂದ 10 ಮಿಲಿಮೀಟರ್. ಬಯಲಲ್ಲಿ ಓಡಾಡುವ ಕುದುರೆಗೆ ಕಲ್ಲು ಮಣ್ಣಿಗೆ ಉಜ್ಜಿ ಬೆಳೆದಷ್ಟೂ ಸವೆಯುತ್ತದೆ. ಕಟ್ಟಿ ಹಾಕಿದ ಕುದುರೆಗೆ, ಲಾಳ ಹೊಡೆದ ಕುದುರೆಗೆ ಸವೆಯುವುದಿಲ್ಲ. ಬೆಳೆಯುವುದು ಮಾತ್ರ ನಿಲ್ಲುವುದಿಲ್ಲ. ಅದಕ್ಕೇ ಕುದುರೆಯವರು ಆರರಿಂದ ಎಂಟು ವಾರಕ್ಕೊಮ್ಮೆ ಲಾಳ ಬಿಚ್ಚಿ, ಗೊರಸು ಕೊರೆದು, ಅರದಿಂದ ಉಜ್ಜಿ, ಮತ್ತೆ ಲಾಳ ಕಟ್ಟಿಸುತ್ತಾರೆ. ಲಾಳ ಇನ್ನೂ ಗಟ್ಟಿಯಾಗಿದೆ, ಯಾಕೆ ಬಿಚ್ಚಬೇಕು ಅಂತ ಕೆಲವು ಗಾಡಿಯವರು ಹಾಗೇ ಬಿಟ್ಟುಬಿಡುತ್ತಾರೆ. ಲಾಳ ಗಟ್ಟಿ ಇರಬಹುದು, ಆದರೆ ಅದರ ಮೇಲೆ ಗೊರಸು ಉದ್ದವಾಗಿರುತ್ತದೆ.

ಗೊರಸು ಸಮ ಇದೆಯೋ ಇಲ್ಲವೋ ಅಂತ ಎರಡು ರೀತಿ ನೋಡಬೇಕು.

ಮೊದಲನೆಯದು ಮುಂದೆ ಹಿಂದೆ. ಕುದುರೆಯ ಪಕ್ಕದಲ್ಲಿ ನಿಂತು ನೋಡಿದರೆ ಗೊರಸಿನ ಮುಂಭಾಗದ ಇಳಿಜಾರೂ ಅದರ ಮೇಲಿನ ಗೆಣ್ಣಿನ ಇಳಿಜಾರೂ ಒಂದೇ ಗೆರೆಯಲ್ಲಿರಬೇಕು. ಮನೆಯ ಮಾಡಿನ ಇಳಿಜಾರಿನ ಹಾಗೆ, ಮಧ್ಯೆ ಮುರಿಯಬಾರದು. ತುದಿ ಉದ್ದ ಬೆಳೆದು ಹಿಮ್ಮಡಿ ತಗ್ಗಿದರೆ ಆ ಗೆರೆ ಹಿಂದಕ್ಕೆ ಮುರಿಯುತ್ತದೆ. ಆಗ ಏನಾಗುತ್ತದೆ? ನಾವು ಗಂಡಸರ ದೊಡ್ಡ ಚಪ್ಪಲಿ ಹಾಕಿಕೊಂಡು ಮೆಟ್ಟಿಲು ಹತ್ತಿದ ಹಾಗೆ. ಕಾಲು ನೆಲ ಬಿಡುವುದು ತಡವಾಗುತ್ತದೆ, ಎಡವುತ್ತದೆ. ಕಾಲಿನ ಹಿಂದೆ ಹಗ್ಗದಂತೆ ಇಳಿದು ಗೊರಸಿನ ಒಳಗಿನ ಮೂಳೆಗೆ ಅಂಟಿರುವ ದಪ್ಪ ನರ ಇದೆ. ಡಾಕ್ಟರು ಅದನ್ನು ಸ್ನಾಯುರಜ್ಜು ಅನ್ನುತ್ತಾರೆ. ಒಂದೊಂದು ಹೆಜ್ಜೆಗೂ ಅದು ಬೇಕಾದ್ದಕ್ಕಿಂತ ಹೆಚ್ಚು ಜಗ್ಗುತ್ತದೆ. ಒಂದು ದಿನಕ್ಕೆ ಏನೂ ಗೊತ್ತಾಗುವುದಿಲ್ಲ. ಸಾವಿರ ಸಾವಿರ ಹೆಜ್ಜೆ ಆದ ಮೇಲೆ ಬಾವು, ಆಮೇಲೆ ಕುಂಟು.

ಎರಡನೆಯದು ಅಕ್ಕಪಕ್ಕ. ಎದುರಿಗೆ ನಿಂತು ನೋಡಬೇಕು. ಹೊರಗಿನ ಗೋಡೆ ಎತ್ತರ, ಒಳಗಿನದು ತಗ್ಗು ಆಗಿದ್ದರೆ ಎತ್ತರದ ಕಡೆ ಮೊದಲು ನೆಲಕ್ಕೆ ಬಡಿಯುತ್ತದೆ, ಆಮೇಲೆ ಕಾಲು ಇನ್ನೊಂದು ಕಡೆಗೆ ವಾಲುತ್ತದೆ. ಪ್ರತಿ ಹೆಜ್ಜೆಗೂ ಗೆಣ್ಣು ಸ್ವಲ್ಪ ತಿರುಚುತ್ತದೆ. ಎತ್ತರದ ಕಡೆಯ ಗೋಡೆಗೆ ಏಟು ಹೆಚ್ಚು ಬಿದ್ದು ಕೂದಲಂಚು ಮೇಲಕ್ಕೆ ತಳ್ಳಿಕೊಳ್ಳುತ್ತದೆ, ಗೋಡೆ ಸೀಳುವುದೂ ಉಂಟು.

ಇಲ್ಲೊಂದು ಎಚ್ಚರಿಕೆ. ಸಮ ಅಂದರೆ ಅಳತೆಪಟ್ಟಿ ಇಟ್ಟು ಎರಡೂ ಕಡೆ ಒಂದೇ ಅಳತೆ ಮಾಡುವುದಲ್ಲ. ಕೆಲವು ಕುದುರೆಗೆ ಹುಟ್ಟಿನಿಂದಲೇ ಕಾಲು ಸ್ವಲ್ಪ ಸೊಟ್ಟ. ಬೆಳೆದ ಕುದುರೆಯ ಸೊಟ್ಟ ಕಾಲನ್ನು ಗೊರಸು ಕೊರೆದು ನೆಟ್ಟಗೆ ಮಾಡುತ್ತೇನೆ ಅಂತ ಹೊರಟರೆ ಮೇಲಿನ ಕೀಲುಗಳು ಕೆಡುತ್ತವೆ. ಅದಕ್ಕೇ ಅನುಭವ ಇರುವ ಲಾಳದವರು ಉಳಿ ಹಿಡಿಯುವ ಮುಂಚೆ ಕುದುರೆಯನ್ನು ಗಟ್ಟಿ ನೆಲದ ಮೇಲೆ ಎದುರಿಗೆ ಬರುವಂತೆ, ಹಿಂದಕ್ಕೆ ಹೋಗುವಂತೆ ನಡೆಸಿ ನೋಡುತ್ತಾರೆ. ಕೆಲಸ ಮುಗಿದ ಮೇಲೂ ಮತ್ತೊಮ್ಮೆ ನಡೆಸುತ್ತಾರೆ. ಕುದುರೆಯ ತಲೆಯ ಮೇಲೂ ಒಂದು ಕಣ್ಣು ಇಟ್ಟಿರುತ್ತಾರೆ. ಮುಂಗಾಲು ನೋಯುವ ಕುದುರೆ ನೋವಿನ ಕಾಲು ಊರುವಾಗ ತಲೆ ಮೇಲಕ್ಕೆ ಎತ್ತುತ್ತದೆ, ಒಳ್ಳೆಯ ಕಾಲು ಊರುವಾಗ ತಲೆ ತಗ್ಗಿಸುತ್ತದೆ. ಭಾರವನ್ನು ನೋವಿನ ಕಾಲಿನಿಂದ ತಪ್ಪಿಸುವ ಉಪಾಯ ಅದು. ಮದುವೆ ಮೆರವಣಿಗೆಯ ಕುದುರೆ ತಲೆ ಆಡಿಸುತ್ತಾ ಬಂದರೆ ಕುಣಿಯುತ್ತಿದೆ ಅಂತ ನಾವು ಚಪ್ಪಾಳೆ ತಟ್ಟುತ್ತೇವೆ. ಕೆಲವು ಸಲ ಅದು ಕುಂಟುತ್ತಿರುತ್ತದೆ ಅಷ್ಟೇ.

ನಮ್ಮ ಕೊಟ್ಟಿಗೆಗೆ ಬರೋಣ

"ಕುದುರೆ ಓಡಬೇಕು ಸಿಸ್ಟರ್, ಅದಕ್ಕೆ ಬೇಕು. ನಮ್ಮ ಹಸು ನಿಂತ ಕಡೆ ನಿಂತಿರುತ್ತೆ, ಅದಕ್ಕೇನು?" ಈ ಪ್ರಶ್ನೆಯನ್ನು ನಾವು ಹೋದ ಕಡೆಯೆಲ್ಲ ಕೇಳಿದ್ದೇವೆ. ನಿಂತ ಕಡೆ ನಿಂತಿರುವುದೇ ತೊಂದರೆ.

ಹಿಂದೆ ನಾಟಿ ಹಸು ಬೆಳಗ್ಗೆ ಹೊರಟರೆ ಗೋಮಾಳ, ಕಾವಲು, ಕೆರೆ ಅಂಗಳ ಸುತ್ತಿ ಸಂಜೆಗೆ ಬರುತ್ತಿತ್ತು. ನಮ್ಮ ಸೀಮೆಯ ಗರಸು ನೆಲದಲ್ಲಿ ಗೊರಸು ತಾನೇ ಸವೆಯುತ್ತಿತ್ತು. ಈಗ ಎಚ್.ಎಫ್. ಅಥವಾ ಜರ್ಸಿ ಮಿಶ್ರತಳಿ ಹಸು. ಮೈ ದೊಡ್ಡದು, ಕೆಚ್ಚಲು ಭಾರ, ಕಟ್ಟಿದ ಗೂಟ, ಸಿಮೆಂಟು ನೆಲ, ಕಾಲಡಿಯಲ್ಲಿ ಸಗಣಿ ಗಂಜಲ. ಹಸುವಿನ ಗೊರಸು ತಿಂಗಳಿಗೆ ಸುಮಾರು 5 ಮಿಲಿಮೀಟರ್ ಬೆಳೆಯುತ್ತದೆ. ವರ್ಷಕ್ಕೆ ಎರಡೂವರೆ ಇಂಚು ಹತ್ತಿರ. ಸವೆಯದಿದ್ದರೆ ಅದು ಎಲ್ಲಿಗೆ ಹೋಗಬೇಕು? ಮುಂದಕ್ಕೆ ಚಾಚುತ್ತದೆ, ಜಾತ್ರೆಯಲ್ಲಿ ಮಾರುವ ಮೊಜಡಿಯ ಮೂತಿಯಂತೆ ಮೇಲಕ್ಕೆ ಡೊಂಕಾಗುತ್ತದೆ.

ಕುದುರೆಗೆ ಒಂದು ಗೊರಸಾದರೆ ಹಸುವಿಗೆ ಸೀಳುಗೊರಸು. ಕಾಲಿಗೆ ಎರಡು ಭಾಗ, ಒಳಗಿನದು ಮತ್ತು ಹೊರಗಿನದು. ಭಾರ ಎರಡಕ್ಕೂ ಸರಿಯಾಗಿ ಹಂಚಿಕೆಯಾಗಬೇಕು. ಆದರೆ ಹಿಂಗಾಲಿನಲ್ಲಿ ಹೊರಗೊರಸಿನ ಮೇಲೆ ಭಾರ ಹೆಚ್ಚು ಬೀಳುತ್ತದೆ. ಭಾರ ಬಿದ್ದ ಕಡೆ ಕೊಂಬಿನಂತಹ ಪದಾರ್ಥ ಹೆಚ್ಚು ಬೆಳೆಯುತ್ತದೆ. ಹೆಚ್ಚು ಬೆಳೆದಾಗ ಅದು ಎತ್ತರವಾಗುತ್ತದೆ, ಎತ್ತರವಾದಾಗ ಭಾರ ಇನ್ನೂ ಅದರ ಮೇಲೇ ಬೀಳುತ್ತದೆ. ಬಡ್ಡಿಗೆ ಬಡ್ಡಿ ಬೆಳೆದ ಹಾಗೆ. ಹಸು ಅದನ್ನು ತಪ್ಪಿಸಿಕೊಳ್ಳಲು ಹಿಂಗಾಲಿನ ಮಂಡಿಗಳನ್ನು ಒಂದಕ್ಕೊಂದು ಹತ್ತಿರ ತಂದು, ಪಾದಗಳನ್ನು ಹೊರಕ್ಕೆ ತಿರುಗಿಸಿ ನಿಲ್ಲುತ್ತದೆ. "ಇದು ನಿಲ್ಲೋದೇ ಹಾಗೆ" ಅಂತ ನಾವು ಸುಮ್ಮನಾಗುತ್ತೇವೆ. ಹಸುಗಳ ಕುಂಟಿನಲ್ಲಿ ಬಹುಪಾಲು ಶುರುವಾಗುವುದು ಇದೇ ಹಿಂಗಾಲಿನ ಹೊರಗೊರಸಿನಲ್ಲಿ. ಒಳಗಿನ ಮೂಳೆ ಒತ್ತಿ ಒತ್ತಿ ಅಂಗಾಲಿನಲ್ಲಿ ಹುಣ್ಣಾಗುತ್ತದೆ. ಹೊರಗಿನಿಂದ ಸಗಣಿ ಮೆತ್ತಿಕೊಂಡಿರುವುದರಿಂದ ಕಣ್ಣಿಗೆ ಬೀಳುವುದಿಲ್ಲ.

ಗುಬ್ಬಿ ಕಡೆಯ ಒಂದು ಸಂಘದಲ್ಲಿ ನಡೆದದ್ದು ಹೇಳುತ್ತೇವೆ. ಒಬ್ಬ ಸದಸ್ಯೆ ಸಂಘದ ಸಾಲದಿಂದ ಹಸು ತಂದಿದ್ದರು. ಎರಡನೇ ಕರು ಹಾಕಿ ಎರಡು ತಿಂಗಳಾದ ಮೇಲೆ ಹಸು ಹಿಂಗಾಲು ಎಳೆಯತೊಡಗಿತು. ಮುಳ್ಳು ಚುಚ್ಚಿರಬೇಕು ಅಂದರು. ಬೇವಿನ ಎಣ್ಣೆ ಅರಿಶಿನ ಹಚ್ಚಿದರು. ಗಾಳಿ ಸೋಕಿದೆ ಅಂತ ಒಬ್ಬರು ದಾರ ಕಟ್ಟಿಕೊಟ್ಟರು. ಒಂದು ತಿಂಗಳು ಹೀಗೇ ಹೋಯಿತು. ಹಸು ಎದ್ದು ನಿಲ್ಲಲು ಕಷ್ಟಪಟ್ಟು ಮೇವಿನ ಹತ್ತಿರ ಬರುವುದೇ ಕಡಿಮೆಯಾಯಿತು, ಹಾಲು ಅರ್ಧಕ್ಕೆ ಇಳಿಯಿತು. ಯಜಮಾನರು ಸಿಕ್ಕಷ್ಟಕ್ಕೆ ಮಾರಿಬಿಡೋಣ ಅಂದರು. ಕುಂಟುವ ಹಸುವಿಗೆ ಯಾರು ಏನು ಕೊಡುತ್ತಾರೆ? ಕೊನೆಗೆ ಪಶುವೈದ್ಯರು ಬಂದು ಕಾಲು ತೊಳೆದು ಹೊರಗೊರಸನ್ನು ಕೊರೆದಾಗ ಒಳಗೆ ಕೊಳೆತ ಹುಣ್ಣು. ಸತ್ತ ಭಾಗ ತೆಗೆದು, ನೋವಿನ ಗೊರಸಿಗೆ ಭಾರ ಬೀಳದಂತೆ ಪಕ್ಕದ ಒಳ್ಳೆಯ ಗೊರಸಿನ ಕೆಳಗೆ ಮರದ ತುಂಡು ಅಂಟಿಸಿದರು. ಕೆಲವು ವಾರಕ್ಕೆ ಹಸು ಸರಿಯಾಗಿ ನಡೆಯಿತು. ಹಾಲು ಮಾತ್ರ ಆ ಸೂಲಿನಲ್ಲಿ ಮೊದಲಿನ ಮಟ್ಟಕ್ಕೆ ಬರಲೇ ಇಲ್ಲ.

ಅಷ್ಟರಲ್ಲಿ ಎರಡು ಕಂತು ಬಾಕಿ. ಸಂಘದ ಸಭೆಯಲ್ಲಿ ದೊಡ್ಡ ಮಾತಾಯಿತು. "ನಿಯಮ ಎಲ್ಲರಿಗೂ ಒಂದೇ, ದಂಡ ಹಾಕಬೇಕು" ಅಂತ ಕೆಲವರು. "ಅವಳೇನು ದುಡ್ಡು ಇಟ್ಟುಕೊಂಡು ಕಟ್ಟದೆ ಇದ್ದಾಳಾ?" ಅಂತ ಇನ್ನು ಕೆಲವರು. ಕೊನೆಗೆ ಕಂತು ಮುಂದೂಡಿದರು, ಬಡ್ಡಿ ಬಿಡಲಿಲ್ಲ. ಆ ತೀರ್ಮಾನ ಸರಿಯೋ ತಪ್ಪೋ ನೀವು ಚರ್ಚೆ ಮಾಡಿ. ನಮಗೆ ಅನ್ನಿಸಿದ್ದು ಇಷ್ಟು: ಜಗಳ ಆದದ್ದು ಕಂತಿನ ಬಗ್ಗೆ, ಆದರೆ ವಿಷಯ ಶುರುವಾದದ್ದು ಐದಾರು ತಿಂಗಳ ಹಿಂದೆ ಯಾರೂ ಬಗ್ಗಿ ನೋಡದ ಒಂದು ಗೊರಸಿನಿಂದ.

ಲೆಕ್ಕ ಹಾಕಿ ನೋಡಿ. ಕುಂಟಿನಿಂದ ದಿನಕ್ಕೆ ಬರೀ 2 ಲೀಟರ್ ಹಾಲು ಕಡಿಮೆಯಾಯಿತು, ಅದು 60 ದಿನ ಇತ್ತು ಅಂದುಕೊಳ್ಳಿ. 120 ಲೀಟರ್. ನಿಮ್ಮ ಡೈರಿಯ ದರದಿಂದ ಗುಣಿಸಿ. ಅದರ ಮೇಲೆ ಔಷಧಿ ಖರ್ಚು. ಆಂಟಿಬಯಾಟಿಕ್ ಕೊಟ್ಟಿದ್ದರೆ ಡಾಕ್ಟರು ಹೇಳಿದಷ್ಟು ದಿನ ಡೈರಿಗೆ ಹಾಲು ಹಾಕುವಂತಿಲ್ಲ. ಕಾಲು ನೋಯುವ ಹಸು ಬೆದೆ ಬಂದರೂ ಬೇರೆ ಹಸುವಿನ ಮೇಲೆ ಹಾರುವುದಿಲ್ಲ, ನಮಗೆ ಗೊತ್ತೇ ಆಗುವುದಿಲ್ಲ. ಒಂದು ಬೆದೆ ತಪ್ಪಿದರೆ ಇನ್ನೂ 21 ದಿನ ದಂಡ. ವಿಮೆ ಇದೆಯಲ್ಲ ಅನ್ನಬಹುದು. ವಿಮೆ ಸಾಮಾನ್ಯವಾಗಿ ಹಸು ಸತ್ತರೆ ಬರುವಂಥದ್ದು. ಹಸು ಕುಂಟಿ ಹಾಲು ಕಡಿಮೆಯಾದರೆ ಅದಕ್ಕೆ ಯಾರೂ ದುಡ್ಡು ಕೊಡುವುದಿಲ್ಲ.

ಬೆನ್ನು ನೋಡಿ ಕಾಲು ತಿಳಿಯುವುದು

ಕುದುರೆ ನೋವನ್ನು ತಲೆಯಿಂದ ಹೇಳಿದರೆ ಹಸು ಬೆನ್ನಿನಿಂದ ಹೇಳುತ್ತದೆ. 1997ರಲ್ಲಿ ಅಮೆರಿಕದ ಮಿಚಿಗನ್‌ನ ಪಶುವೈದ್ಯರು ಇದಕ್ಕೆ ಒಂದು ಸುಲಭ ಅಂಕ ಪದ್ಧತಿ ಮಾಡಿದರು. ಈಗ ಎಷ್ಟೋ ದೇಶಗಳಲ್ಲಿ ಬಳಸುತ್ತಾರೆ. ಇದಕ್ಕೆ ಯಂತ್ರ ಬೇಡ, ಓದೂ ಬೇಡ. ಹಸುವನ್ನು ಬಿಚ್ಚಿ ಸಮನಾದ ಗಟ್ಟಿ ನೆಲದಲ್ಲಿ ಹತ್ತು ಹದಿನೈದು ಹೆಜ್ಜೆ ನಡೆಸಿ, ಪಕ್ಕದಿಂದ ಬೆನ್ನಿನ ಗೆರೆ ನೋಡಿ.

ನಿಂತಾಗಲೂ ನಡೆಯುವಾಗಲೂ ಬೆನ್ನು ನೇರವಾಗಿದ್ದರೆ 1 ಅಂಕ, ಹಸು ಚೆನ್ನಾಗಿದೆ. ನಿಂತಾಗ ನೇರ ಇದ್ದು ನಡೆಯುವಾಗ ಮಾತ್ರ ಬೆನ್ನು ಕಮಾನಿನಂತೆ ಏಳುತ್ತಿದ್ದರೆ 2. ನಿಂತಾಗಲೂ ನಡೆಯುವಾಗಲೂ ಕಮಾನು, ಹೆಜ್ಜೆ ಚಿಕ್ಕದು ಆದರೆ 3. ಒಂದು ಕಾಲನ್ನು ಕಾಪಾಡಿಕೊಳ್ಳುತ್ತಾ ಒಂದೊಂದೇ ಹೆಜ್ಜೆ ಇಟ್ಟರೆ 4. ಕಾಲು ಊರಲೇ ಒಲ್ಲೆ ಅಂದರೆ 5.

ನಾವು ಸಾಮಾನ್ಯವಾಗಿ "ಹಸು ಕುಂಟುತ್ತಿದೆ" ಅನ್ನುವುದು 4ಕ್ಕೆ ಬಂದಾಗ. 2ರಲ್ಲಿ ಕಂಡುಹಿಡಿದರೆ ಕೊರೆದು ಸಮ ಮಾಡಿದರೆ ಸಾಕಾಗಬಹುದು. 4ರಲ್ಲಿ ಡಾಕ್ಟರು ಬೇಕೇ ಬೇಕು. ಈ 2ಕ್ಕೂ 4ಕ್ಕೂ ನಡುವೆ ಇರುವ ದಿನಗಳಲ್ಲೇ ನಮ್ಮ ದುಡ್ಡು ಉಳಿಯುವುದೋ ಹೋಗುವುದೋ ತೀರ್ಮಾನವಾಗುತ್ತದೆ. ಬೆಳಗ್ಗೆ ಸಂಜೆ ಹಸುವಿನ ಹತ್ತಿರ ಇರುವವರು ಹೆಂಗಸರು. ಇದನ್ನು ಮೊದಲು ನೋಡುವ ಕಣ್ಣೂ ನಮ್ಮದೇ.

ಇನ್ನೊಂದು ಗುರುತು ಹೆಜ್ಜೆಯದು. ಮಳೆ ಬಿದ್ದ ಮೇಲೆ ಮೆತ್ತನೆಯ ಮಣ್ಣಿನಲ್ಲಿ ಹಸು ನಡೆದು ಹೋದ ಗುರುತು ನೋಡಿ. ಚೆನ್ನಾಗಿರುವ ಹಸುವಿನ ಹಿಂಗಾಲು ಹೆಚ್ಚುಕಡಿಮೆ ಮುಂಗಾಲಿನ ಗುರುತಿನ ಮೇಲೇ ಬೀಳುತ್ತದೆ. ನೋವಿದ್ದರೆ ಹಿಂದೆಯೇ ಉಳಿಯುತ್ತದೆ. ಜಾತ್ರೆಯಲ್ಲಿ ಹಳ್ಳಿಕಾರ್ ಎತ್ತು ಕೊಳ್ಳುವವರು ಜೋಡಿಯನ್ನು ನಡೆಸದೆ ದುಡ್ಡು ಎಣಿಸುವುದಿಲ್ಲ. ಸಿದ್ಧಗಂಗೆಯ ದನಗಳ ಜಾತ್ರೆಗೆ ಹೋದವರು ಇದನ್ನು ನೋಡಿರುತ್ತೀರಿ. ಎತ್ತಿಗೆ ಮಾಡುವುದನ್ನು ಹಸುವಿಗೂ ಮಾಡಿ. ಕಟ್ಟಿದ ಕಡೆಯೇ ನೋಡಿ ಹಸು ಕೊಳ್ಳಬೇಡಿ.

ಅನ್ನದ ಪಾತ್ರೆಯಿಂದ ಗೊರಸಿಗೆ

ಗೊರಸು ಕೆಡುವುದು ನೆಲದಿಂದ ಮಾತ್ರ ಅಲ್ಲ, ಹೊಟ್ಟೆಯಿಂದಲೂ. ಇದು ಬಹಳ ಜನಕ್ಕೆ ಗೊತ್ತಿಲ್ಲ. ಕುದುರೆ ಧಾನ್ಯದ ಚೀಲಕ್ಕೆ ಬಾಯಿ ಹಾಕಿ ಹೊಟ್ಟೆ ತುಂಬ ತಿಂದರೆ ಒಂದೆರಡು ದಿನದಲ್ಲಿ ಅದರ ಗೊರಸಿನ ಒಳಪದರ ಊದಿ, ಕಾಲು ಊರಲಾರದೆ ನರಳುತ್ತದೆ. ಹಸುವಿಗೂ ಇದೇ ಕಥೆ. ಮದುವೆ ಮನೆಯಲ್ಲಿ ಮಿಕ್ಕ ಅನ್ನ, ಹೋಟೆಲಿನ ಮುಸುರೆ, ಗಟ್ಟಿ ಗಂಜಿ, ರಾಗಿ ಹಿಟ್ಟು ಒಂದೇ ಸಲ ಹೆಚ್ಚಾಗಿ ಹಾಕಿದರೆ ಹೊಟ್ಟೆಯಲ್ಲಿ ಹುಳಿ ಹೆಚ್ಚುತ್ತದೆ. ಆ ಹುಳಿಯಿಂದ ಆಗುವ ವಿಷ ರಕ್ತಕ್ಕೆ ಸೇರಿ ಗೊರಸಿನ ಒಳಪದರಕ್ಕೆ ಪೆಟ್ಟು ಕೊಡುತ್ತದೆ. ಆಮೇಲೆ ಬೆಳೆಯುವ ಗೊರಸು ಮೆತ್ತಗೆ, ಅಡ್ಡಗೆರೆ ಗೆರೆಯಾಗಿ, ಆಕಾರ ಕೆಟ್ಟು ಬೆಳೆಯುತ್ತದೆ. ಹೆಚ್ಚಾದರೆ ಹಸು ಅದೇ ದಿನ ಸಾಯಲೂಬಹುದು. ಶಿರಾ ಗೇಟ್ ಕಡೆ ಊರೊಳಗೆ ಹಸು ಸಾಕುವವರಿಗೆ ಈ ಮಾತು ಇನ್ನೂ ಮುಖ್ಯ. ಹುಲ್ಲು ದುಬಾರಿ, ಛತ್ರದ ಅನ್ನ ಬಿಟ್ಟಿ. ಆ ಬಿಟ್ಟಿ ಅನ್ನವೇ ದುಬಾರಿಯಾಗುತ್ತದೆ. ಬೂಸಾ, ಹಿಂಡಿ ಕೊಡುವುದನ್ನೂ ಒಂದೇ ಸಲ ಸುರಿಯದೆ ಎರಡು ಮೂರು ಸಲ ಮಾಡಿ. ರಾಗಿ ಹುಲ್ಲು, ಜೋಳದ ಕಡ್ಡಿಯಂತಹ ನಾರಿನ ಮೇವು ಯಾವಾಗಲೂ ಮುಂದಿರಲಿ.

ಇನ್ನು ನೆಲ. ಚೆನ್ನಾಗಿರುವ ಹಸು ದಿನಕ್ಕೆ 12 ಗಂಟೆಯ ಹತ್ತಿರ ಮಲಗಿರುತ್ತದೆ, ಮಲಗಿ ಮೆಲುಕು ಹಾಕುತ್ತದೆ. ಬರೀ ಸಿಮೆಂಟಿನ ಮೇಲೆ ಮಲಗಲು ಮನಸ್ಸು ಮಾಡದೆ ನಿಂತೇ ಇರುತ್ತದೆ. ನಿಂತಷ್ಟೂ ಹೊತ್ತು ಭಾರ ಗೊರಸಿನ ಮೇಲೆ. ರಬ್ಬರ್ ಮ್ಯಾಟ್ ಹಾಕಲು ಆಗುವವರು ಹಾಕಿ. ಆಗದವರು ಒಣ ಹುಲ್ಲು, ತೆಂಗಿನ ನಾರಿನ ಪುಡಿ ಹರಡಬಹುದು, ಗುಬ್ಬಿ ತಿಪಟೂರು ಕಡೆ ಅದಕ್ಕೇನೂ ಬರ ಇಲ್ಲ. ಗಂಜಲ ನಿಲ್ಲದಂತೆ ಹಿಂದಕ್ಕೆ ಸ್ವಲ್ಪ ಇಳಿಜಾರು ಇರಲಿ. ಯಾವಾಗಲೂ ಒದ್ದೆಯಾಗಿರುವ ಗೊರಸು ನೆನೆದ ಉಗುರಿನಂತೆ ಮೆತ್ತಗಾಗಿ ಬೇಗ ಕೊಳೆಯುತ್ತದೆ. ದಿನಕ್ಕೆ ಒಂದು ಗಂಟೆಯಾದರೂ ಮಣ್ಣಿನ ನೆಲದಲ್ಲಿ ಬಿಡಿ. ಮನೆ ಕಟ್ಟುವ ಜಾಗದ ಹತ್ತಿರ ಮಾತ್ರ ಬೇಡ, ಮೊಳೆ, ತಂತಿ, ಗಾಜು ಇರುತ್ತವೆ.

ಗೊರಸು ಕೊರೆಯುವುದು

ವರ್ಷಕ್ಕೆ ಎರಡು ಸಲ ನೋಡಿಸಿದರೆ ಸಾಕು. ಒಂದು ಸಲ ಹಾಲು ಬತ್ತಿಸುವಾಗ, ಅಂದರೆ ಕರು ಹಾಕಲು ಸುಮಾರು ಎರಡು ತಿಂಗಳಿರುವಾಗ. ಇನ್ನೊಂದು ಸಲ ಕರು ಹಾಕಿ ಮೂರು ನಾಲ್ಕು ತಿಂಗಳಿಗೆ. ದಿನ ತುಂಬಿದ ಹಸುವನ್ನು ಎಳೆದಾಡಬಾರದು.

ನೆದರ್ಲ್ಯಾಂಡ್ ದೇಶದ ಟೌಸೆಂಟ್ ರಾವೆನ್ ಎಂಬ ಪಶುವೈದ್ಯರು ಹಸುವಿನ ಗೊರಸು ಕೊರೆಯುವುದಕ್ಕೆ ಒಂದು ಕ್ರಮ ಹಾಕಿಕೊಟ್ಟರು. ಎಲ್ಲ ಕಡೆ ಈಗ ಅದೇ ಆಧಾರ. ಹಿಂಗಾಲಿನಲ್ಲಿ ಮೊದಲು ಒಳಗೊರಸನ್ನು ಹಿಡಿಯಬೇಕು, ಯಾಕೆಂದರೆ ಅದು ಕಡಿಮೆ ಕೆಟ್ಟಿರುತ್ತದೆ. ಕೂದಲಂಚಿನಿಂದ ತುದಿಯವರೆಗೆ ಮುಂಭಾಗದಲ್ಲಿ ಏಳೂವರೆ ಸೆಂಟಿಮೀಟರ್ ಉಳಿಸಿಕೊಂಡು ಹೆಚ್ಚಿದ್ದನ್ನು ತೆಗೆಯಬೇಕು. ದೊಡ್ಡ ಎಚ್.ಎಫ್. ಹಸುವಿಗೆ ಇದಕ್ಕಿಂತ ಗಿಡ್ಡ ಮಾಡಬಾರದು. ಆ ಒಳಗೊರಸನ್ನು ಅಳತೆಯಾಗಿ ಇಟ್ಟುಕೊಂಡು ಹೊರಗೊರಸನ್ನು ಅದರ ಉದ್ದಕ್ಕೆ, ಅದರ ಎತ್ತರಕ್ಕೆ ಇಳಿಸಬೇಕು. ಎರಡರ ಮೇಲೂ ಒಂದು ಚಪ್ಪಟೆ ಹಲಗೆ ಇಟ್ಟರೆ ಅಲುಗಾಡದೆ ಕೂರಬೇಕು. ಆಮೇಲೆ ಎರಡು ಗೊರಸಿನ ನಡುವಿನ ಕಡೆ ಅಂಗಾಲನ್ನು ಸ್ವಲ್ಪ ಹಳ್ಳ ಮಾಡಬೇಕು, ಹುಣ್ಣಾಗುವ ಜಾಗಕ್ಕೆ ಒತ್ತಡ ಬೀಳದಂತೆ. ಅಂಗಾಲು ಬೆರಳಿನಿಂದ ಒತ್ತಿದರೆ ಬಗ್ಗುವಷ್ಟು ತೆಳ್ಳಗಾಗಬಾರದು.

ಇದನ್ನೆಲ್ಲ ಹೇಳಿದ್ದು ನೀವೇ ಕುಡುಗೋಲು ಹಿಡಿದು ಕೂರಲಿ ಅಂತಲ್ಲ. ಕಬ್ಬು ಕಡಿಯುವ ಮಚ್ಚಿನಲ್ಲಿ ಗೊರಸಿನ ತುದಿ ಕತ್ತರಿಸಿ ರಕ್ತ ಸುರಿಸಿದವರನ್ನು ನಾವು ಕಂಡಿದ್ದೇವೆ. ಬರೀ ತುದಿ ಕತ್ತರಿಸಿದರೆ ನೋಡಲು ಚಂದ ಕಾಣುತ್ತದೆ, ಎತ್ತರದ ವ್ಯತ್ಯಾಸ ಹಾಗೇ ಉಳಿದಿರುತ್ತದೆ. ಇದು ಕಲಿತವರು ಮಾಡುವ ಕೆಲಸ. ನಾವು ತಿಳಿದುಕೊಳ್ಳಬೇಕಾದ್ದು ಕೆಲಸ ಸರಿಯಾಗಿ ನಡೆಯಿತೋ ಇಲ್ಲವೋ ಅಂತ ಪಕ್ಕದಲ್ಲಿ ನಿಂತು ನೋಡುವುದಕ್ಕೆ. ದರ್ಜಿಗೆ ರವಿಕೆ ಹೊಲಿಯಲು ಕೊಟ್ಟಾಗ ನಾವೇ ಹೊಲಿಯಲಾರದಿದ್ದರೂ ತೋಳು ಸರಿ ಕೂತಿಲ್ಲ ಅಂತ ಹೇಳಬಲ್ಲೆವಲ್ಲ, ಹಾಗೆ.

ಪಶು ಆಸ್ಪತ್ರೆಯ ಮುಂದೆ ಕಬ್ಬಿಣದ ಕೊಳವೆಗಳ ಚೌಕಟ್ಟು ಇರುತ್ತದೆ, ಟ್ರೆವಿಸ್ ಅನ್ನುತ್ತಾರೆ. ಅದರಲ್ಲಿ ನಿಲ್ಲಿಸಿ ಕಾಲು ಎತ್ತಿ ಕಟ್ಟಿದರೆ ಹಸುವಿಗೂ ಕ್ಷೇಮ, ಕೆಲಸದವರಿಗೂ ಕ್ಷೇಮ. ಎತ್ತಿಗೆ ಲಾಳ ಕಟ್ಟುವವರು ನೆಲಕ್ಕೆ ಕೆಡವಿ ಕಾಲು ಕಟ್ಟುತ್ತಾರೆ. ಗಬ್ಬದ ಹಸುವಿಗೆ ಹಾಗೆ ಮಾಡಿಸಲೇಬೇಡಿ.

ಗೊರಸಿನ ಸಂದು ಕೊಳೆಯುವ ತೊಂದರೆ ಇರುವ ಕಡೆ ಮೈಲುತುತ್ತದ ನೀರಿನಲ್ಲಿ ಕಾಲು ಅದ್ದಿಸುವುದು ಒಳ್ಳೆಯದು. 10 ಲೀಟರ್ ನೀರಿಗೆ 500 ಗ್ರಾಂ. ಮೊದಲು ಸಗಣಿ ತೊಳೆದು ಆಮೇಲೆ ಅದ್ದಿಸಿ, ಇಲ್ಲದಿದ್ದರೆ ಔಷಧಿ ಸಗಣಿಗೇ ಹೋಗುತ್ತದೆ. ಉಳಿದ ನೀರನ್ನು ದನ ಕುಡಿಯುವ ಕಡೆ, ಮೇವಿನ ಕಡೆ ಚೆಲ್ಲಬೇಡಿ. ಕುರಿಗಳಿಗೆ ಅದು ದೊಡ್ಡ ವಿಷ.

ಒಂದು ಮಾತು ಮರೆಯಬಾರದು. ಕಾಲು ಕುಂಟುವುದರ ಜೊತೆಗೆ ಜ್ವರ, ಬಾಯಲ್ಲಿ ಜೊಲ್ಲು, ನಾಲಿಗೆಯಲ್ಲಿ ಗುಳ್ಳೆ ಇದ್ದರೆ ಅದು ಗೊರಸಿನ ಅಳತೆಯ ವಿಷಯ ಅಲ್ಲ, ಕಾಲುಬಾಯಿ ಜ್ವರ. 2013ರಲ್ಲಿ ಈ ರೋಗ ನಮ್ಮ ರಾಜ್ಯದಲ್ಲಿ ಎಷ್ಟು ಹಸುಗಳನ್ನು ತೆಗೆದುಕೊಂಡು ಹೋಯಿತು ಅಂತ ಹಲವರಿಗೆ ನೆನಪಿರಬಹುದು. ತಕ್ಷಣ ಹಸುವನ್ನು ಬೇರೆ ಕಟ್ಟಿ, ಡಾಕ್ಟರಿಗೆ ಹೇಳಿ. ಆರು ತಿಂಗಳಿಗೊಮ್ಮೆ ಹಾಕುವ ಉಚಿತ ಲಸಿಕೆಯನ್ನು "ಹಾಲು ಕಡಿಮೆಯಾಗುತ್ತೆ" ಅಂತ ತಪ್ಪಿಸಬೇಡಿ. ಕಡಿಮೆಯಾಗುವುದು ಒಂದೆರಡು ದಿನ ಅಷ್ಟೇ.

ಸಂಘದಲ್ಲಿ ಮಾಡಬಹುದಾದ್ದು

ಒಬ್ಬರ ಒಂದು ಹಸುವಿಗೆ ಗೊರಸು ಕೊರೆಯುವವರನ್ನು ಕರೆಸುವುದು ಕಷ್ಟ. ಒಂದು ಸಂಘದಲ್ಲಿ ಹತ್ತು ಹನ್ನೆರಡು ಹಸು ಇದ್ದರೆ, ಪಕ್ಕದ ಸಂಘವೂ ಸೇರಿದರೆ ಒಂದು ದಿನ ಗೊತ್ತು ಮಾಡಿ ಪಶು ಆಸ್ಪತ್ರೆಯವರನ್ನು ಕೇಳಬಹುದು. ಹಾಲಿನ ಡೈರಿಯ ಕಾರ್ಯದರ್ಶಿಗೂ ಅರ್ಜಿ ಕೊಡಿ, ಬಾಯಿಮಾತು ಬೇಡ, ಬರೆದು ಕೊಟ್ಟು ನಡಾವಳಿ ಪುಸ್ತಕದಲ್ಲಿ ನಮೂದಿಸಿ. ನಿಮ್ಮ ಪಂಚಾಯಿತಿಯಲ್ಲಿ ಪಶುಸಖಿ ಇದ್ದರೆ ಸಭೆಗೆ ಕರೆಯಿರಿ. ಹಿರೇಹಳ್ಳಿ ಮತ್ತು ತಿಪಟೂರು ತಾಲ್ಲೂಕಿನ ಕೊನೇಹಳ್ಳಿಯಲ್ಲಿ ಕೃಷಿ ವಿಜ್ಞಾನ ಕೇಂದ್ರಗಳಿವೆ, ತರಬೇತಿ ಬೇಕು ಅಂತ ಗುಂಪಾಗಿ ಕೇಳಿ. ಹಸು ಏಳಲಾರದ ಸ್ಥಿತಿಗೆ ಬಂದರೆ 1962 ನಂಬರಿಗೆ ಫೋನ್ ಮಾಡಿ, ಅದು ಪಶುಗಳ ಸಹಾಯವಾಣಿ.

ಹಸು ಸಾಲ ಮಂಜೂರು ಮಾಡುವಾಗ ನಾವು ಹಸುವಿನ ಬೆಲೆ, ಸಾಗಾಣಿಕೆ, ವಿಮೆ ಬರೆಯುತ್ತೇವೆ. ಅದರ ಕೆಳಗೆ ಇನ್ನೊಂದು ಸಾಲು ಸೇರಿಸಿ: ವರ್ಷಕ್ಕೆ ಎರಡು ಸಲ ಗೊರಸಿನ ಖರ್ಚು. ಚಿಕ್ಕ ಮೊತ್ತ. ಸದಸ್ಯೆ ಅದನ್ನು ಬೇರೆ ಖರ್ಚಿಗೆ ಬಳಸದಂತೆ ಸಂಘದಲ್ಲೇ ಇಟ್ಟು, ಕೊರೆಯುವ ದಿನ ಕೊಟ್ಟರೆ ಇನ್ನೂ ಒಳ್ಳೆಯದು.

ಚರ್ಚೆಗೆ

ನಮ್ಮ ಸಂಘದಲ್ಲಿ ಎಷ್ಟು ಹಸು ಇವೆ, ಅವುಗಳಲ್ಲಿ ಎಷ್ಟರ ಗೊರಸನ್ನು ಕಳೆದ ಒಂದು ವರ್ಷದಲ್ಲಿ ಯಾರಾದರೂ ಕೊರೆದಿದ್ದಾರೆ?

ಹಸು ಕುಂಟಿ ಕಂತು ನಿಂತರೆ ನಮ್ಮ ಸಂಘದ ನಿಯಮ ಏನು ಹೇಳುತ್ತದೆ? ಗುಬ್ಬಿ ಕಡೆಯ ಸಂಘದ ತೀರ್ಮಾನವನ್ನು ನೀವಾಗಿದ್ದರೆ ಹೇಗೆ ಮಾಡುತ್ತಿದ್ದಿರಿ?

ಮುಂದಿನ ಸಭೆಗೆ ಬರುವಾಗ ಪ್ರತಿಯೊಬ್ಬರೂ ತಮ್ಮ ಹಸುವನ್ನು ನಡೆಸಿ ನೋಡಿ 1ರಿಂದ 5ರೊಳಗೆ ಅಂಕ ಹಾಕಿಕೊಂಡು ಬನ್ನಿ. 2 ಅಥವಾ ಹೆಚ್ಚು ಬಂದ ಹಸುಗಳ ಪಟ್ಟಿಯನ್ನು ಪ್ರತಿನಿಧಿಗಳು ಬರೆದುಕೊಂಡು ಪಶುವೈದ್ಯರಿಗೆ ಮುಟ್ಟಿಸಲಿ.